ಸೋಮವಾರದ ಗಡ್ಡ

ನಮ್ಮ ಯಜಮಾನರ ತಲೆಯ ಹಿಂಭಾಗ ನೋಡಿದವರು ಯಾರೂ ಅವರು ಕಟಿಂಗ್ ಅಂಗಡಿ ಇಟ್ಟವರು ಅಂತ ನಂಬುವುದಿಲ್ಲ. ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ. ಮುಂದೊಂದು ಕನ್ನಡಿ, ಹಿಂದೊಂದು ಕನ್ನಡಿ ಇಟ್ಟುಕೊಂಡು, ಕತ್ತರಿಯನ್ನು ತಲೆಯ ಹಿಂದೆ ಒಯ್ದು ಅಂದಾಜಿನ ಮೇಲೆ ಕಚಕಚ ಅನ್ನಿಸುತ್ತಾರೆ. ಮುಂದಿನಿಂದ ನೋಡಿದರೆ ಮದುಮಗ, ಹಿಂದಿನಿಂದ ನೋಡಿದರೆ ಆಡು ಮೇದ ಹುಲ್ಲು. ಎದುರು ಅಂಗಡಿಯವನ ಹತ್ತಿರ ಮಾಡಿಸಿಕೊಳ್ಳಬಹುದಲ್ಲ ಅಂತ ಯಾರಾದರೂ ಅಂದರೆ ಕೇಳುವುದಿಲ್ಲ. ಹಾಗಂತ ಅವನ ಮೇಲೆ ಇವರಿಗೆ ಸಿಟ್ಟೇನೂ ಇಲ್ಲ. ಸಿಟ್ಟು ಇದ್ದದ್ದು ನನಗೆ. ಇವರ ಕೈಯಲ್ಲೇ ಕತ್ತರಿ ಹಿಡಿಯುವುದು ಕಲಿತು, ಇವರ ಅಂಗಡಿಯ ಎದುರಿಗೇ ಮಿಣಿಮಿಣಿ ದೀಪ ಹಾಕಿ ಕೂತವನನ್ನು ನಾನ್ಯಾಕೆ ಮಾತಾಡಿಸಬೇಕು? ಇವರ ವಿಷಯ ಬೇರೆ. ಇನ್ನೊಬ್ಬರ ಮುಂದೆ ಕತ್ತು ಬಗ್ಗಿಸಿ ಕೂತು ಇವರಿಗೆ ಅಭ್ಯಾಸವಿಲ್ಲ, ಅಷ್ಟೆ.

ನಮ್ಮ ಅಂಗಡಿ ಚಿಕ್ಕದು. ಎರಡು ಕುರ್ಚಿ, ಅದರಲ್ಲೊಂದರ ಸೀಟಿಗೆ ಹೊಲಿಗೆ ಹಾಕಿದವಳು ನಾನು. ಕನ್ನಡಿಯ ಪಕ್ಕದಲ್ಲಿ ಚರ್ಚಿನವರು ಯಾವುದೋ ವರ್ಷ ಕೊಟ್ಟ ಕ್ಯಾಲೆಂಡರ್ ಇದೆ. ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿದೆ. ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಬೋಗುಣಿಯ ಮುಂದೆ ಮಂಡಿಯೂರಿ, ಶಿಷ್ಯನೊಬ್ಬನ ಕಾಲು ತೊಳೆಯುತ್ತಿರುವ ಚಿತ್ರ. ಹೊಸ ಕ್ಯಾಲೆಂಡರ್ ಹಾಕೋಣ ಅಂದರೆ ಬಿಡುವುದಿಲ್ಲ. "ಟವೆಲ್ ಹೇಗೆ ಕಟ್ಟಿಕೊಂಡಿದ್ದಾರೆ ನೋಡು, ಥೇಟ್ ನಮ್ಮ ಕಸುಬಿನವರ ಹಾಗೆ" ಅನ್ನುತ್ತಾರೆ.

ಸೋಮವಾರ ಅಂಗಡಿಗೆ ರಜೆ. ಇವರಿಗಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಹಳೇ ಚರ್ಮದ ಚೀಲಕ್ಕೆ ಕತ್ತರಿ, ಕತ್ತಿ, ಬ್ರಷ್ಷು, ಸಾಬೂನಿನ ಬಟ್ಟಲು, ಗಾಯಕ್ಕೆ ಉಜ್ಜುವ ಪಟಿಕದ ತುಂಡು, ನಾನು ಮಡಿಸಿಟ್ಟ ಟವೆಲ್ಲುಗಳು, ಕೊನೆಯಲ್ಲಿ ಬಟ್ಟೆ ಸುತ್ತಿದ ಕನ್ನಡಿ, ಇಷ್ಟನ್ನೂ ತುಂಬಿಕೊಂಡು ಸೈಕಲ್ ಹತ್ತುತ್ತಾರೆ. ಹಾಸಿಗೆ ಹಿಡಿದವರು, ಮೆಟ್ಟಿಲು ಇಳಿಯಲಾಗದವರು, ಇಂಥವರ ಮನೆಗೆ ಹೋಗಿ ಗಡ್ಡ ಮಾಡಿ, ಕೂದಲು ಕತ್ತರಿಸಿ, ಉಗುರು ತೆಗೆದು ಬರುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಕಾಫಿ ಮಾತ್ರ ಕೊಟ್ಟ ಮನೆಯಲ್ಲೆಲ್ಲ ಕುಡಿಯುತ್ತಾರೆ. ಸಂಜೆ ಮನೆಗೆ ಬರುವಷ್ಟರಲ್ಲಿ ಹೊಟ್ಟೆಯೆಲ್ಲ ಕಾಫಿಯೇ. ಊಟ ಬೇಡ ಅನ್ನುತ್ತಾರೆ, ನಿದ್ದೆಯೂ ಬರುವುದಿಲ್ಲ, ಪಕ್ಕದಲ್ಲಿ ಹೊರಳಾಡಿ ನನ್ನ ನಿದ್ದೆಯನ್ನೂ ಕೆಡಿಸುತ್ತಾರೆ. ಒಂದೆರಡು ಮನೆಯಲ್ಲಾದರೂ ಬೇಡ ಅನ್ನಬಾರದಾ ಅಂತ ರೇಗಿದರೆ ಉತ್ತರ ಸಿದ್ಧವಾಗಿರುತ್ತದೆ.

"ಅವರಿಗೂ ಏನಾದರೂ ಕೊಡೋಕೆ ಇರಬೇಕು ಕಣೇ. ಬರೀ ತಗೊಂಡೇ ಇರೋದು ಬಹಳ ಕಷ್ಟದ ಕೆಲಸ."

ಈ ಮಾತನ್ನು ನಾನು ಬುದ್ಧಿವಂತಳ ಹಾಗೆ ನೆನಪಿಟ್ಟುಕೊಂಡೆ. ಮುಂದೆ ಕೆಲಸಕ್ಕೆ ಬಂತು.

ಇದೆಲ್ಲ ಶುರುವಾದದ್ದು ಒಬ್ಬ ಪೋಸ್ಟ್‌ಮ್ಯಾನ್‌ನಿಂದ. ಅವರು ಈಗಿಲ್ಲ. ನಮ್ಮ ಅಂಗಡಿಗೆ ತಪ್ಪದೆ ಬರುತ್ತಿದ್ದವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರು. ಎಲ್ಲಿ ಹೋದರು ಅಂತ ಇವರು ಹುಡುಕಿಕೊಂಡು ಹೋದರೆ, ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಗಡ್ಡ ಎದೆ ಮುಟ್ಟಿದೆ. ಯಾರನ್ನೂ ಒಳಗೆ ಬಿಡುತ್ತಿಲ್ಲವಂತೆ. ಪ್ರಾರ್ಥನೆ ಮಾಡಲು ಬಂದ ಪಾದ್ರಿಗಳನ್ನೂ ಬಾಗಿಲಿಂದಲೇ ವಾಪಸ್ ಕಳಿಸಿದ್ದರಂತೆ. ಇವರು ಏನೂ ಕೇಳದೆ ಮನೆಗೆ ಬಂದು, ಕತ್ತಿ ಬಟ್ಟಲು ತೆಗೆದುಕೊಂಡು ಮತ್ತೆ ಹೋದರು. ಗಡ್ಡ ತೆಗೆದು, ಮುಖ ಒರೆಸಿ, ಕನ್ನಡಿ ಹಿಡಿದರು. ಪೋಸ್ಟ್‌ಮ್ಯಾನ್ ಬಹಳ ಹೊತ್ತು ನೋಡಿದರಂತೆ. ಆಮೇಲೆ, "ಹಾಂ, ಇವನು ನನಗೆ ಗೊತ್ತಿರೋನೇ" ಅಂದರಂತೆ. ಅಂದು ಸಾಯಂಕಾಲವೇ ಪಾದ್ರಿಗಳಿಗೆ ಹೇಳಿ ಕಳಿಸಿದರು.

"ಎಲ್ಲರ ಎದುರು ನಿಂತು ಪ್ರಾರ್ಥನೆ ಮಾಡೋಕೆ ನನಗೆ ಮಾತು ಹೊರಡಲ್ಲ" ಅಂದಿದ್ದರು ಇವರು ಆ ದಿನ ಮನೆಗೆ ಬಂದು. "ಗಡ್ಡ ಮಾಡೋಕೆ ಬರುತ್ತೆ. ಸ್ವಾಮಿ ಇದನ್ನೇ ಪ್ರಾರ್ಥನೆ ಅಂತ ತಗೋತಾರೋ ಏನೋ, ನೋಡೋಣ."

ಸ್ವಾಮಿ ತೆಗೆದುಕೊಂಡರೋ ಇಲ್ಲವೋ, ನಮ್ಮ ಸೋಮವಾರಗಳನ್ನಂತೂ ಪೂರ್ತಿ ತೆಗೆದುಕೊಂಡರು. ನಮ್ಮ ಮನೆಯ ಬಾಗಿಲ ಕೀಲು ಕಿರ್ ಅನ್ನುತ್ತಾ ವರ್ಷ ಕಳೆದಿದೆ. ಅದಕ್ಕೊಂದು ಹನಿ ಎಣ್ಣೆ ಬಿಡಲು ಇವರಿಗೆ ಪುರುಸೊತ್ತಿಲ್ಲ.

ಒಮ್ಮೊಮ್ಮೆ ನಾನೂ ಜೊತೆಗೆ ಹೋಗಿ ನೋಡಿದ್ದೇನೆ. ಮಲಗಿದವರಿಗೆ ಗಡ್ಡ ಮಾಡುವುದೇ ಬೇರೆ ವಿದ್ಯೆ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮುಖದ ಮೇಲೆ ಹಾಕಿ, ಕೂದಲು ಮೆತ್ತಗಾಗುವವರೆಗೆ ಊರಿನ ಸುದ್ದಿಯೆಲ್ಲ ಹೇಳುತ್ತಾರೆ. ಆಮೇಲೆ ಬಟ್ಟಲಲ್ಲಿ ನೊರೆ ಎಬ್ಬಿಸಿ, ಬ್ರಷ್ಷಿನಿಂದ ಕೆನ್ನೆಗೆ ಸುತ್ತಸುತ್ತ ಹಚ್ಚುತ್ತಾರೆ. ಸಡಿಲ ಬಿದ್ದ ಕೆನ್ನೆಯನ್ನು ಕಿವಿಯ ಕಡೆ ಎಳೆದು ಹಿಡಿದು, ಕತ್ತಿಯನ್ನು ತಲೆದಿಂಬಿನ ಕಡೆಯಿಂದ ಇಳಿಸುತ್ತಾರೆ. ಎಲ್ಲ ಮುಗಿದ ಮೇಲೆ ಕನ್ನಡಿ. ಕನ್ನಡಿ ಹಿಡಿದರೆ, ನೋಡಿಕೊಂಡವರು ಏನಾದರೂ ಒಂದು ಮಾತು ಆಡುವವರೆಗೆ ಕೆಳಗಿಡುವುದಿಲ್ಲ. ಬೈದರೂ ಸರಿ, ಮಾತು ಬರಬೇಕು.

ಹೀಗೆ ನಡೆಯುತ್ತಿದ್ದಾಗ ಕಾಫಿ ಲೋಟ ಗುಟ್ಟು ಬಿಟ್ಟುಕೊಟ್ಟಿತು. ಒಂದು ಬೆಳಿಗ್ಗೆ ಇವರು ಲೋಟವನ್ನು ತಟ್ಟೆಯ ಮೇಲೆ ಇಡುವಾಗ ಕಟಕಟ ಅಂದಿತು. ಏನಿದು ಅಂದೆ. ತಟ್ಟೆ ಸೊಟ್ಟಗಿದೆ ಅಂದರು. ತಟ್ಟೆ ಬದಲಾಯಿಸಿದೆ. ಅದೂ ಸೊಟ್ಟಗಿರಬೇಕು, ಕಟಕಟ ಅಂದಿತು. ಮೇಜು ಸೊಟ್ಟಗಿದೆ ಅಂದರು. ಹೀಗೇ ಬಿಟ್ಟರೆ ಭೂಮಿಯೇ ಸೊಟ್ಟಗಿದೆ ಅನ್ನುತ್ತಿದ್ದರೇನೋ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ವಯಸ್ಸಿನ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ ಅಂದರು ಅವರು.

"ಕತ್ತಿ ಕೈಗೆ ಬಂದರೆ ನಡುಕ ತಾನಾಗಿ ನಿಲ್ಲುತ್ತೆ. ಕಸುಬಿನ ಕೈ ಇದು" ಅಂದರು ಇವರು, ದಾರಿಯಲ್ಲಿ. ನಾನು ನಂಬಿದೆ. ನಂಬಿದರೆ ನನಗೂ ಸುಖವಿತ್ತು.

ಸುಳ್ಳು ಅಂತ ಹೇಳಿದ್ದು ಟವೆಲ್ಲುಗಳು. ಸೋಮವಾರದ ಟವೆಲ್ ತೊಳೆಯುವವಳು ನಾನೇ. ಬಿಳಿ ಬಟ್ಟೆ, ಏನಿದ್ದರೂ ಕಾಣುತ್ತದೆ. ಮೊದಲು ಒಂದು ಕೆಂಪು ಚುಕ್ಕೆ. ಸೋಮವಾರದ ಮನೆಗಳಲ್ಲಿ ರಿಟೈರಾದ ಹೆಡ್‌ಮೇಷ್ಟ್ರದೂ ಒಂದು, ಅವರ ಕೆನ್ನೆಯಲ್ಲಿ ಮೊಡವೆ ಇತ್ತು ಅಂದರು. ಮಗನಿಗೇ ತಲೆ ನರೆತಿರುವ ಹೆಡ್‌ಮೇಷ್ಟ್ರಿಗೆ ಮೊಡವೆ. ಸರಿ ಅಂದುಕೊಂಡೆ. ಮುಂದಿನ ವಾರ ಇನ್ನಷ್ಟು ಚುಕ್ಕೆ. ಅದರ ಮುಂದಿನ ವಾರ ಒಂದು ಟವೆಲ್ಲಿನ ಮೂಲೆಯೇ ಕೆಂಪಾಗಿತ್ತು. ತಣ್ಣೀರಲ್ಲಿ ನೆನೆಸಿಟ್ಟೆ. ನೀರು ಬಣ್ಣ ತಿರುಗುವುದನ್ನು ನೋಡುತ್ತಾ ಬಕೆಟ್ಟಿನ ಮುಂದೆಯೇ ಕೂತೆ.

ಮರುದಿನ ಇವರು ಅಂಗಡಿಗೆ ಹೋದದ್ದೇ ತಡ, ನಾಲ್ಕು ಬಾಳೆಹಣ್ಣು ನೆಪಕ್ಕೆ ಹಿಡಿದುಕೊಂಡು ಹೊರಟೆ. ಮೊದಲು ಲಾರಿ ಅಜ್ಜನ ಮನೆ. ಜೀವಮಾನವೆಲ್ಲ ಲಾರಿ ಓಡಿಸಿದ ಅಜ್ಜ ಈಗ ಲಕ್ವ ಹೊಡೆದು ಮಲಗಿದ್ದಾರೆ. ಬಾಯಿ ಒಂದು ಕಡೆ ಮಾತ್ರ ಅಲ್ಲಾಡುತ್ತದೆ, ಅದರಲ್ಲೇ ಅರ್ಧಂಬರ್ಧ ಮಾತು. ಹೋಗಿ ನೋಡಿದರೆ ಗದ್ದದ ತುಂಬ, ರಕ್ತ ಬಂದಲ್ಲೆಲ್ಲ ನ್ಯೂಸ್‌ಪೇಪರಿನ ಚೂರು ಅಂಟಿಸಿಕೊಂಡು, ಗೋಡೆಯ ಮೇಲಿನ ನೋಟಿಸ್ ಬೋರ್ಡಿನ ಹಾಗಿದ್ದಾರೆ.

"ನಿದ್ದೆಗಣ್ಣಲ್ಲಿ ತಾವೇ ಪರಚಿಕೊಂಡರಂತೆ ನಮ್ಮ ಮಾವ" ಅಂದಳು ಸೊಸೆ. "ಉಗುರು ನೋಡಿದರೆ ಕತ್ತರಿಸಿ ಸ್ವಚ್ಛವಾಗಿದೆ. ಪರಚೋದು ಹೇಗೋ ಗೊತ್ತಿಲ್ಲ. ರಕ್ತ ತೆಳು ಮಾಡೋ ಮಾತ್ರೆ ಬೇರೆ ಕೊಡ್ತಿದ್ದೀವಿ. ನಿನ್ನೆ ರಕ್ತ ನಿಲ್ಲಿಸೋಕೆ ಬಹಳ ಕಷ್ಟ ಆಯ್ತು. ದೊಡ್ಡ ಗಾಯ ಆದರೆ ಸೀದಾ ಆಸ್ಪತ್ರೆಗೆ ಬರಬೇಕು ಅಂದಿದ್ದಾರೆ ಡಾಕ್ಟರು."

ಅವಳು ಕಾಫಿಗೆ ಒಳಗೆ ಹೋದಾಗ ಅಜ್ಜ ನನ್ನ ಕೈ ಹಿಡಿದರು.

"ಅವನಿಗೆ... ಹೇಳ್ಬೇಡ" ಅಂದರು.

"ಯಾಕಜ್ಜ?"

"ಬೇಜಾರ್... ಮಾಡ್ಕೋತಾನೆ."

ಸೊಸೆ ತಂದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅಲ್ಲಿಂದ ಹೆಡ್‌ಮೇಷ್ಟ್ರ ಮನೆಗೆ ಹೋದೆ. ಮಂಡಿ ಕೈಕೊಟ್ಟು ಕುರ್ಚಿಯಲ್ಲೇ ಇರುವ ಮೇಷ್ಟ್ರಿಗೆ ಮೀಸೆ ಅಂದರೆ ಪ್ರಾಣ. ಒಂದು ಎಳೆ ಆಚೀಚೆ ಆದರೂ ಸಹಿಸದ ಮನುಷ್ಯ. ಅವರ ಮೀಸೆ ಈಗ ಎಡಗಡೆ ಮೂಗಿನ ಅಂಚಿನವರೆಗೆ, ಬಲಗಡೆ ಕೆನ್ನೆವರೆಗೆ ಇದೆ. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ಅಳುವೂ ಅದೇ ಸೆರಗಿನಲ್ಲಿ ಬಂತು.

"ನಗಮ್ಮ, ಪರವಾಗಿಲ್ಲ" ಅಂದರು ಮೇಷ್ಟ್ರು. "ನಿನ್ನ ಗಂಡನ ಕೈ ನಡುಗೋದು ನನಗೆ ಯಾವಾಗಲೋ ಗೊತ್ತು. ಕತ್ತಿ ಹತ್ತಿರ ಬಂದಾಗ ಉಸಿರು ಬಿಗಿ ಹಿಡಿದು ಕಲ್ಲಿನ ಹಾಗೆ ಕೂರ್ತೀನಿ. ಕೈ ಒಂದು ಕ್ಷಣ ಸುಮ್ಮನಾದರೆ ನಾನೇ ಕೆನ್ನೆ ಮುಂದೆ ಚಾಚ್ತೀನಿ. ಅವನು ನನಗೋಸ್ಕರ ಇಷ್ಟು ವರ್ಷ ಸೈಕಲ್ ತುಳಿದಿದ್ದಾನೆ. ಅವನಿಗೋಸ್ಕರ ನಾಲ್ಕು ಗೀರು ಹಾಕಿಸಿಕೊಂಡರೆ ಏನು ಗಂಟು ಹೋಗುತ್ತೆ? ಈ ಕೆನ್ನೆ ಹೇಗೂ ಹಳೇದು. ಒಂದೇ ಮಾತು, ಇದು ಬೇರೆ ಯಾರಿಗೂ ಗೊತ್ತಾಗಬಾರದು. ಗೊತ್ತಿರೋದು ನನಗೊಬ್ಬನಿಗೇ."

ಲಾರಿ ಅಜ್ಜನೂ ಹಾಗೇ ಅಂದುಕೊಂಡಿದ್ದಾರೆ ಅಂತ ನಾನು ಹೇಳಲಿಲ್ಲ. ಇವರು ಅವರ ಸೇವೆಗೆ ಹೋಗುತ್ತಾರೆ ಅಂತ ನಾನು ತಿಳಿದಿದ್ದರೆ, ಅವರು ತಮ್ಮ ಕೆನ್ನೆ ಕೊಟ್ಟು ಇವರ ಸೇವೆ ಮಾಡುತ್ತಿದ್ದಾರೆ. ಇಂಥ ಪ್ರೀತಿಗೆ ಕೈ ಮುಗಿಯಬೇಕು. ಆದರೆ ಅಜ್ಜನ ಮಾತ್ರೆ ನೆನಪಾಯಿತು. ಮುಂದಿನ ಸೋಮವಾರ ಕತ್ತಿ ಸ್ವಲ್ಪ ಆಳಕ್ಕೆ ಹೋದರೆ ಪ್ರೀತಿ ರಕ್ತ ನಿಲ್ಲಿಸುವುದಿಲ್ಲ. ಯಾರಾದರೂ ಹೇಳಲೇಬೇಕು, ಆ ಯಾರಾದರೂ ನಾನೇ.

ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಟವೆಲ್ಲು, ಕಾಗದದ ಚೂರು, ಅರ್ಧ ಮೀಸೆ, ಮಾತ್ರೆ, ಎಲ್ಲ ಹೇಳಿದೆ. ಇವರ ಮುಖ ಬಿಳಿಚಿಕೊಂಡಿತು.

"ಅಜ್ಜ ಪರಚಿಕೊಂಡದ್ದು ಅಂತ..."

"ನಿಮಗೆ ಗೊತ್ತಿರಲಿಲ್ಲವಾ?"

ತುತ್ತು ತಟ್ಟೆಯಲ್ಲೇ ಉಳಿಯಿತು.

"ಸೋಮವಾರ ಬಿಡು ಅಂತೀಯಾ?" ಅಂದರು ಕೊನೆಗೆ. "ಬಿಟ್ಟರೆ ನಾನ್ಯಾರು ಹೇಳು. ಅಂಗಡಿಯಲ್ಲಿ ಎಲ್ಲರೂ ಕತ್ತರಿಸ್ತಾರೆ. ಸ್ವಾಮಿಗೆ ಅಂತ ನಾನು ಮಾಡ್ತಾ ಇದ್ದದ್ದು ಇದೊಂದೇ."

"ಸ್ವಾಮಿಗೆ ಮಾಡ್ತಾ ಇದ್ದದ್ದಾ, ನಿಮಗೆ ಬೇಕು ಅಂತ ಮಾಡ್ತಾ ಇದ್ದದ್ದಾ? ಅಜ್ಜನ ಗದ್ದ ಒಂದು ಸಲ ನೋಡಿಕೊಂಡು ಬಂದು ಹೇಳಿ."

ಮಾತು ಖಾರವಾಯಿತು. ನನ್ನ ನಾಲಿಗೆಗೆ ಉಪ್ಪು ಹುಳಿ ಎಲ್ಲ ಜಾಸ್ತಿ. ಇವರು ಎದ್ದು ಕೈ ತೊಳೆದು ಅಂಗಡಿಗೆ ಹೋದರು. ಚರ್ಮದ ಚೀಲವನ್ನೂ ತೆಗೆದುಕೊಂಡು ಹೋದರು, ನಾನು ಎಲ್ಲಿ ಬಚ್ಚಿಡುತ್ತೇನೋ ಅಂತ. ಬಾಗಿಲು ಕಿರ್ ಅಂದಿತು. ನಾನು ಪಾತ್ರೆ ತಿಕ್ಕುತ್ತಾ ಅತ್ತೆ. ಸಿಟ್ಟಿನ ಅಳುವಲ್ಲ. ಈ ಮನುಷ್ಯನನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅಂತ ಪಾತ್ರೆಗಳಿಗೆ ಮಾತ್ರ ಗೊತ್ತು.

ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು, ನಾನು ಯಾವತ್ತೂ ಮಾಡುವುದಿಲ್ಲ ಅಂದುಕೊಂಡಿದ್ದ ಕೆಲಸ ಮಾಡಿದೆ. ಎದುರು ಅಂಗಡಿಯ ಮೆಟ್ಟಿಲು ಹತ್ತಿದೆ. ಒಳಗೆ ನಾಲ್ಕೂ ಕಡೆ ಕನ್ನಡಿ. ಎಲ್ಲಿ ನೋಡಿದರೂ ನನ್ನದೇ ಗಂಟು ಮೋರೆ. ಅವನು ಕತ್ತರಿ ಕೆಳಗಿಟ್ಟು ಗಾಬರಿಯಿಂದ ನಿಂತ.

"ಅಕ್ಕ, ಬನ್ನಿ. ಅಣ್ಣ ಹುಷಾರಾಗಿದ್ದಾರೆ ತಾನೆ?"

"ಹುಷಾರಾಗಿದ್ದರೆ ನಾನ್ಯಾಕೆ ನಿನ್ನ ಹತ್ತಿರ ಬರ್ತಿದ್ದೆ?"

ಹಿಂದಕ್ಕೆ ಬಾಗುವ ದೊಡ್ಡ ಕುರ್ಚಿಯಲ್ಲಿ ಕೂರಿಸಿದ. ಎಲ್ಲ ಹೇಳಿದೆ. ಸೋಮವಾರ ನೀನು ಕತ್ತಿ ಹಿಡಿಯಬೇಕು ಅಂದೆ. ಅವನು ತಲೆ ಕೆರೆದುಕೊಂಡ.

"ನಾನು ಚರ್ಚಿಗೆ ಬರೋನಲ್ಲ ಅಕ್ಕ."

"ಚರ್ಚಿಗೆ ಯಾರು ಕರೆದರು? ಗಡ್ಡಕ್ಕೆ ಕರೀತಿದ್ದೀನಿ."

"ಅದಲ್ಲ. ಕೂತವರಿಗೆ ಮಾಡೋದು ಅಣ್ಣ ಕಲಿಸಿದರು. ಮಲಗಿದವರಿಗೆ ನಾನು ಯಾವತ್ತೂ ಮಾಡಿಲ್ಲ. ಅವರೇ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಅವರು ಬಂದರೆ ನಾನೂ ಬರ್ತೀನಿ. ಅವರನ್ನ ಬಿಟ್ಟು ಬರಲ್ಲ."

ಅವನು ಇಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಇಷ್ಟು ವರ್ಷ ಜೋಪಾನ ಮಾಡಿಟ್ಟ ಸಿಟ್ಟು ಒಂದೇ ಮಧ್ಯಾಹ್ನ ದಂಡವಾಯಿತಲ್ಲ ಅನ್ನಿಸಿತು.

ರಸ್ತೆ ದಾಟಿ ನಮ್ಮ ಅಂಗಡಿಗೆ ಬಂದರೆ, ಇವರು ಹೊಲಿಗೆ ಹಾಕಿದ ಕುರ್ಚಿಯಲ್ಲಿ ಕೂತು ಆ ಹಳೇ ಚಿತ್ರವನ್ನೇ ನೋಡುತ್ತಿದ್ದಾರೆ. ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಮೊದಲ ಸಲ ಅದನ್ನು ಬಚ್ಚಿಡಲಿಲ್ಲ.

"ನೋಡೇ" ಅಂದರು. "ಇಷ್ಟು ದಿನ ಈ ಚಿತ್ರದಲ್ಲಿ ಟವೆಲ್ ಕಟ್ಟಿಕೊಂಡವರನ್ನೇ ನೋಡ್ತಿದ್ದೆ. ನಾನೂ ಅವರ ಹಾಗಿರಬೇಕು ಅಂತ. ಕಾಲು ಚಾಚಿ ಕೂತಿದ್ದಾನಲ್ಲ, ಅವನ ಮುಖ ಸರಿಯಾಗಿ ನೋಡೇ ಇರಲಿಲ್ಲ. ಎಷ್ಟು ಸಂಕೋಚ ಪಡ್ತಿದ್ದಾನೆ ನೋಡು ಪಾಪ. ಆದರೂ ಕಾಲು ಕೊಟ್ಟಿದ್ದಾನೆ. ಅಲ್ಲಿ ಕೂರೋದು ನನ್ನ ಕೈಲಾಗಲ್ಲ ಅನ್ನಿಸುತ್ತೆ."

"ಅವರಿಗೂ ಏನಾದರೂ ಕೊಡೋಕೆ ಇರಬೇಕು ಅಂತ ಪ್ರತಿ ಸೋಮವಾರ ಕಾಫಿ ಕುಡಿದು ಬಂದು ನನಗೆ ಪಾಠ ಹೇಳಿದವರು ಯಾರು?" ಅಂದೆ. "ಬೇರೆಯವರಿಗೆ ಒಂದು ನ್ಯಾಯ, ನಿಮಗೊಂದು ನ್ಯಾಯವಾ?"

ಆಮೇಲೆ ಎದುರು ಅಂಗಡಿಯವನ ವಿಷಯ ಹೇಳಿದೆ. ನಾನೇ ಹೋಗಿ ಕರೆದೆ ಅಂದಾಗ ಕಣ್ಣು ಅಗಲವಾಯಿತು.

"ನೀನಾ? ಅವನ ಅಂಗಡಿಗಾ?"

"ಹೂಂ. ಅಷ್ಟು ಕನ್ನಡಿ ಯಾಕೆ ಬೇಕೋ ಅವನಿಗೆ" ಅಂದೆ.

ಸೋಮವಾರ ಮೂವರೂ ಹೊರಟೆವು. ಲಾರಿ ಅಜ್ಜನ ಮನೆಯಲ್ಲಿ ಇವರು ಮೊದಲು ಹಾಸಿಗೆಯ ಪಕ್ಕ ಕೂತು ಅಜ್ಜನ ಗದ್ದದ ಗಾಯಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ತಪ್ಪಾಯ್ತಜ್ಜ" ಅಂದರು. ಅಜ್ಜ ನನ್ನ ಕಡೆ ಕೆಂಗಣ್ಣು ಬಿಟ್ಟರು. ಚಾಡಿಕೋರಿ ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಎದುರು ಅಂಗಡಿಯವನು ತನ್ನ ಹೊಸ ಪೆಟ್ಟಿಗೆ ತೆರೆದು ನೊರೆಯ ಡಬ್ಬಿ ತೆಗೆದ. ಒತ್ತಿದರೆ ಬುಸ್ ಅಂತ ನೊರೆ ಬರುವಂಥದ್ದು. ಕೆನ್ನೆಗೆ ಹಚ್ಚಿದ. ಅಜ್ಜ ಮುಖ ಸಿಂಡರಿಸಿ ತಲೆ ಆ ಕಡೆ ತಿರುಗಿಸಿಬಿಟ್ಟರು.

"ತಣ್ಣಗೆ" ಅಂದರು.

ಅವನು ಏನೂ ತೋಚದೆ ಡಬ್ಬಿ ಹಿಡಿದು ನಿಂತ. ಇವರು ಚರ್ಮದ ಚೀಲದಿಂದ ಸಾಬೂನಿನ ಬಟ್ಟಲು ತೆಗೆದು ಸೊಸೆಯ ಹತ್ತಿರ ಬಿಸಿನೀರು ಕೇಳಿದರು. ಬಟ್ಟಲನ್ನು ಎದೆಗೆ ಒತ್ತಿ ಹಿಡಿದು ಬ್ರಷ್ಷು ಇಳಿಸಿದರು. ಇವರು ತಿರುಗಿಸಬೇಕಾದ ಅಗತ್ಯವೇ ಬೀಳಲಿಲ್ಲ. ಕೈ ತಾನಾಗಿ ನಡುಗಿತು, ಬ್ರಷ್ಷು ಬಟ್ಟಲಲ್ಲಿ ಗಡಗಡ ಓಡಾಡಿತು, ನೊರೆ ಮೇಲೆ ಮೇಲೆ ಎದ್ದಿತು. ಇಷ್ಟು ವರ್ಷದಲ್ಲಿ ಅಂಥ ನೊರೆಯನ್ನು ನಾನು ನೋಡಿರಲಿಲ್ಲ. ದಪ್ಪಗೆ, ಬೆಳ್ಳಗೆ, ಬಟ್ಟಲಿನ ಅಂಚು ದಾಟಿ ಇವರ ಬೆರಳ ಮೇಲೆ ಇಳಿಯಿತು. ಇವರೇ ಬೆರಗಾಗಿ ಕೈ ನೋಡಿಕೊಂಡರು.

ಅಜ್ಜನ ಬಾಯಿಯ ಒಂದು ಕಡೆ ಅರಳಿತು.

"ಇಂಜಿನ್..." ಅಂದರು. ಉಸಿರು ಎಳೆದುಕೊಂಡು ಮತ್ತೆ, "ಇಂಜಿನ್... ಚೆನ್ನಾಗಿದೆ."

ಮೊದಲು ನಕ್ಕವರು ನಮ್ಮ ಯಜಮಾನರು. ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕಷ್ಟೂ ಕೈ ನಡುಗಿತು, ಕೈ ನಡುಗಿದಷ್ಟೂ ನೊರೆ ಎದ್ದಿತು. ಸೊಸೆ ಬಾಗಿಲಿಗೆ ಒರಗಿ ನಕ್ಕಳು, ನಾನು ಕಣ್ಣೊರೆಸಿಕೊಂಡು ನಕ್ಕೆ.

ಬೆಚ್ಚಗಿನ ನೊರೆಯನ್ನು ಇವರೇ ಹಚ್ಚಿದರು. ಕತ್ತಿ ಅವನು ಹಿಡಿದ. "ಕೆನ್ನೆ ಕಿವಿಯ ಕಡೆ ಎಳಿ. ಇನ್ನೂ ಸ್ವಲ್ಪ. ಹಾಂ, ಈಗ ದಿಂಬಿನ ಕಡೆಯಿಂದ ಇಳಿಸು" ಅಂತ ಇವರು ಹೇಳುತ್ತಾ ಹೋದರು, ಅವನು ಹಾಗೇ ಮಾಡಿದ. ಅವನ ಹಣೆ ಬೆವರಿತ್ತು. ಒಂದು ಗೀರೂ ಬೀಳಲಿಲ್ಲ. ಕನ್ನಡಿ ಹಿಡಿದಾಗ ಅಜ್ಜ ನೋಡಿಕೊಂಡು, "ಓಡ್ಸು" ಅಂದರು. ಮುಂದಿನ ಮನೆಗೆ ಹೊರಡಿ ಅಂತ ಅರ್ಥ. ಹೆಡ್‌ಮೇಷ್ಟ್ರ ಮನೆಯಲ್ಲಿ ಮೀಸೆಯ ಎರಡೂ ಕಡೆ ಸಮ ಮಾಡುವಷ್ಟರಲ್ಲಿ ಮೀಸೆ ಬಹಳ ಸಣ್ಣದಾಯಿತು. ಸ್ಕೂಲಿಗೆ ಸೇರಿದ ಹೊಸ ಮೇಷ್ಟ್ರ ಹಾಗೆ ಕಾಣುತ್ತೀನಿ ಅಂತ ಅವರು ಬೈದರು. ಕನ್ನಡಿ ಮಾತ್ರ ವಾಪಸ್ ಕೊಡಲಿಲ್ಲ, ತಿರುಗಿ ತಿರುಗಿ ನೋಡಿಕೊಂಡರು.

ಕೊನೆಯ ಮನೆ ಮುಗಿಸಿ ಹೊರಟಾಗ ಇನ್ನೂ ಬಿಸಿಲಿತ್ತು. ಮೂವರ ಹೊಟ್ಟೆಯಲ್ಲೂ ಕಾಫಿ ತುಳುಕುತ್ತಿತ್ತು. ಯಾವ ಮನೆಯಲ್ಲೂ ಬೇಡ ಅನ್ನಬಾರದು ಅನ್ನುವುದನ್ನು ಇವರು ಅವನಿಗೆ ದಾರಿಯುದ್ದಕ್ಕೂ ಕಲಿಸಿದ್ದರು. ನಮ್ಮ ಅಂಗಡಿಯ ಮುಂದೆ ಅವನು ಹೊಸಲಲ್ಲೇ ನಿಂತ.

"ಅಣ್ಣ, ತಪ್ಪು ತಿಳೀಬೇಡಿ. ಇವತ್ತೆಲ್ಲ ನಿಮ್ಮ ಹಿಂದೆ ಹಿಂದೆ ಬಂದೆ. ನಿಮ್ಮ ತಲೆಯ ಹಿಂಭಾಗ ನೋಡಿ ನೋಡಿ ನನಗೆ ತಡೆಯೋಕೆ ಆಗ್ತಿಲ್ಲ. ಒಂದು ಸಲ ಕೂತ್ಕೊಳ್ಳಿ."

ಇವರು ನನ್ನನ್ನು ನೋಡಿದರು. ನಾನು ಚೀಲದ ಟವೆಲ್ಲುಗಳನ್ನು ಎಣಿಸುತ್ತಾ ನಿಂತೆ. ಇದನ್ನು ಅವರೇ ತೀರ್ಮಾನ ಮಾಡಬೇಕಿತ್ತು. ಚಿತ್ರದ ಕಡೆ ಒಂದು ಸಲ ಇವರ ಕಣ್ಣು ಹೋಯಿತು. ಆಮೇಲೆ ಹೊಲಿಗೆ ಹಾಕಿದ ಕುರ್ಚಿಯಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟು, ನಿಧಾನವಾಗಿ ಕತ್ತು ಬಗ್ಗಿಸಿದರು. ಅವನು ಹಿಂದಿನ ಕೂದಲನ್ನು ಸರಿ ಮಾಡಿದ. ಗಡ್ಡವನ್ನೂ ಮಾಡಲಾ ಅಂದ. ಇವರು ಗದ್ದ ಮೇಲೆತ್ತಿ ಕಣ್ಣು ಮುಚ್ಚಿದರು. ಬಿಸಿ ಟವೆಲ್ ಹಿಂಡಿಕೊಟ್ಟವಳು ನಾನು.

ಎಲ್ಲ ಮುಗಿದ ಮೇಲೆ ಚೀಲದಿಂದ ಕನ್ನಡಿ ತೆಗೆದು, ಬಟ್ಟೆ ಬಿಚ್ಚಿ, ನಾನೇ ಇವರ ಮುಂದೆ ಹಿಡಿದೆ. ಅವರದೇ ಕಾನೂನು, ಮಾತು ಬರುವವರೆಗೆ ಕೆಳಗಿಡುವ ಹಾಗಿಲ್ಲ. ಇವರು ನೋಡುತ್ತಲೇ ಕೂತರು. ನನ್ನ ಕೈ ಸೋತು ಕನ್ನಡಿ ಅಲ್ಲಾಡತೊಡಗಿತು. ಇವರು ತಮ್ಮ ನಡುಗುವ ಕೈಯನ್ನು ನನ್ನ ಕೈ ಕೆಳಗೆ ಆಸರೆಗೆ ಇಟ್ಟರು. ಎರಡೂ ಕೈ ಸೇರಿ ಕನ್ನಡಿ ಇನ್ನಷ್ಟು ಅಲ್ಲಾಡಿತು.

"ಹಾಂ" ಅಂದರು ಕೊನೆಗೆ. "ಇವನು ನನಗೆ ಗೊತ್ತಿರೋನೇ."

ಮನೆಗೆ ಬಂದು ಟವೆಲ್ಲುಗಳನ್ನು ಬಕೆಟ್ಟಿಗೆ ಹಾಕಿ ನೀರು ಬಿಟ್ಟೆ. ನೀರು ತಿಳಿಯಾಗೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಇವರು ಎಣ್ಣೆ ಬಾಟಲಿ ಎಲ್ಲಿದೆ ಅಂತ ಕೇಳಿದರು, ಬಾಗಿಲ ಕೀಲಿಗೆ ಬಿಡಬೇಕಂತೆ.